ಗಂಟು ಐತಂತ

ಬಂಡೆ ಹತ್ತಲು ನಿಂತ ಶ್ರೀಶೈಲನ ಸೊಂಟದ ಪಟ್ಟಿಗೆ ಸುನಂದಾ ಹಗ್ಗ ಪೋಣಿಸಿದಳು. ಎಂಟರ ಆಕಾರದ ಗಂಟು ಹಾಕಿದಳು, ತುದಿಯನ್ನು ಅದೇ ದಾರಿಯಲ್ಲಿ ಹಿಂದಕ್ಕೆ ತಂದಳು, ಜಗ್ಗಿ ನೋಡಿದಳು. ಗಟ್ಟಿಯಾಗಿತ್ತು. ಸಾಯಿಸುವ ಮನಸ್ಸಿದ್ದರೆ ಸಡಿಲ ಬಿಡಬಹುದಿತ್ತು. ಅಷ್ಟು ಸುಲಭವಾಗಿ ಅವನನ್ನು ಬಿಟ್ಟುಕೊಡಲು ಅವಳೇನು ಹುಚ್ಚಿಯೇ? ಇಪ್ಪತ್ತೈದು ಅಡಿ ಮೇಲೆ ನೇತಾಡಿಸಬೇಕು. ಲಗ್ನ ಯಾಕೆ ಮುರಿದೆ ಎಂಬುದನ್ನು, ಕೆಳಗಿರುವ ಇಷ್ಟೂ ಮಂದಿಯ ಮುಂದೆ ಅವನ ಬಾಯಿಂದಲೇ ಹೇಳಿಸಬೇಕು.

“ಆರಾಮ ಅದೀರಿ?” ಶ್ರೀಶೈಲ ಮೆಲ್ಲಗೆ ಕೇಳಿದ. ಹೆಲ್ಮೆಟ್ಟಿನ ಕೆಳಗಿನ ಅವಳ ಮುಖದ ಗುರುತು ಅವನಿಗೆ ಹತ್ತಿತ್ತು.

“ಆರಾಮ.”

“ಇಲ್ಲೆ ಕಲಸಾಕ ಬರ್ತೀರೇನು? ಚಲೋ ಕೆಲಸ ಹಿಡದೀರಿ.”

ಚಲೋ ಕೆಲಸವಂತೆ! ಎಷ್ಟು ಧಿಮಾಕು ನೋಡಿ. ಸುನಂದಾ ಹಲ್ಲು ಕಚ್ಚಿಕೊಂಡು ಅವನ ಪಟ್ಟಿಯ ಬಕಲ್ಲು ಬಿಗಿದಳು.

ಮುದ್ದೇಬಿಹಾಳದ ಆಚೆಯ ಬಂಡೆಗುಡ್ಡದಲ್ಲಿ ಅದು ಮೂರನೆಯ ವರ್ಷದ ಶಿಬಿರ. ಕ್ಯಾನ್ಸರ್ ಬಂದ ಹುಡುಗ ಹುಡುಗಿಯರಿಗೆ ಹಗ್ಗ ಕಟ್ಟಿ ಬಂಡೆ ಹತ್ತಿಸುತ್ತಿದ್ದರು. ಹತ್ತುವವರು, ಕಲಿಸುವವರು, ಊಟ ತಂದುಕೊಡುವ ಊರಿನವರು, ಎಲ್ಲರಿಗೂ ಒಂದೇ ಹಳದಿ ಅಂಗಿ. ಶಿಬಿರ ನಡೆಸುವ ಚಂದ್ರಾಮ ಮೇಷ್ಟ್ರು ಮೊದಲ ದಿನವೇ ಹೇಳಿಬಿಡುತ್ತಿದ್ದರು: “ಹೆಸರು ಕೇಳ್ರಿ, ಊರು ಕೇಳ್ರಿ. ಜಡ್ಡು ಮಾತ್ರ ಕೇಳಬ್ಯಾಡ್ರಿ.” ಮೊದಲ ವರ್ಷ ಸುನಂದಾ ಇಲ್ಲಿ ಆರಡಿ ಹತ್ತಿ ಅತ್ತು ಇಳಿದಿದ್ದಳು. ಈಗ ಬೇರೆಯವರ ಹಗ್ಗ ಹಿಡಿಯುವ ಮಟ್ಟಕ್ಕೆ ಬಂದಿದ್ದಳು.

ಬೆಳಿಗ್ಗೆ ಶ್ರೀಶೈಲನ ಊರು ಸಾಲೋಟಗಿಯಿಂದ ಜೀಪು ಬಂತು. ರೊಟ್ಟಿ ಬುಟ್ಟಿ, ಶೇಂಗಾ ಹಿಂಡಿಯ ಡಬ್ಬಿಗಳ ಹಿಂದೆ ಶ್ರೀಶೈಲನ ತಾಯಿ ಹೊನ್ನವ್ವ ಇಳಿದಳು. ಅವಳ ಹಿಂದೆ ಅವನು. ಅನ್ನದಾನ ಮಾಡಿ ಫೋಟೋ ತೆಗೆಸಿಕೊಂಡು ಹೋಗುವ ದೊಡ್ಡ ಮನೆತನದವರು! ಬಂಡೆ ಹತ್ತುವ ಷೋಕಿ ಬೇರೆ. ಹಳದಿ ಅಂಗಿ ತೊಟ್ಟು ಅವನು ಬಂಡೆಯ ಬುಡಕ್ಕೆ ಬಂದದ್ದೇ ತಡ, ಸುನಂದಾ ಚಂದ್ರಾಮರ ಕೈಯಿಂದ ಹಗ್ಗ ಇಸಿದುಕೊಂಡಳು.

ನಾಲ್ಕು ವರ್ಷದ ಹಿಂದೆ, ಎರಡು ಸಾವಿರನೇ ಇಸವಿಯಲ್ಲಿ, ಅವಳ ಊರು ಗೊಳಸಂಗಿಯಲ್ಲಿ ಇಬ್ಬರ ನಿಶ್ಚಿತಾರ್ಥವಾಗಿತ್ತು. ಲಗ್ನಕ್ಕೆ ಹದಿನೆಂಟು ದಿನ ಇರುವಾಗ ಸುನಂದಾಳ ತೊಡೆಯಲ್ಲಿ ಗಂಟು ಕೈಗೆ ಹತ್ತಿತು. ತಂದೆ ತಾಯಿಯನ್ನು ಬಿಟ್ಟರೆ ತಿಳಿದದ್ದು ಶ್ಯಾವಿಗೆ ಹೊಸೆಯಲು ಬಂದಿದ್ದ ಸೋದರತ್ತೆ ರೇವವ್ವನಿಗೆ ಮಾತ್ರ. ವಾರ ಕಳೆಯುವುದರೊಳಗೆ, ಓಣಿಗೆಲ್ಲ ಒಂದೇ ಫೋನಿದ್ದ ಅಂಗಡಿಯ ಧೂಳಪ್ಪ ಬಾಗಿಲಿಗೆ ಬಂದ.

“ಸಾಲೋಟಗಿಯಿಂದ ಫೋನ್ ಬಂದಿತ್ರಿ. ಗಂಟು ಐತಂತ. ಲಗ್ನ ಬ್ಯಾಡಂತ.”

ಅಷ್ಟೇ. ಯಾವ ಮುಖ ಇಟ್ಟುಕೊಂಡು ಕೇಳಲಿ ಎಂದು ತಂದೆ ತಿರುಗಿ ಫೋನು ಮಾಡಲಿಲ್ಲ. ಸುದ್ದಿ ಮುಟ್ಟಿಸಿದವರು ಯಾರು? ರೇವವ್ವ ಕೊರಳ ಲಿಂಗ ಮುಟ್ಟಿ, “ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲವ್ವ” ಎಂದು ಅತ್ತಳು. ಸುನಂದಾ ನಂಬಲಿಲ್ಲ. ಅಂದಿನಿಂದ ಅತ್ತೆಯೊಡನೆ ಮಾತೇ ಬಿಟ್ಟಳು. ಹೋದ ವರ್ಷ ರೇವವ್ವ ತೀರಿಕೊಂಡಾಗ ಅವಳು ಮಣ್ಣಿಗೂ ಹೋಗಲಿಲ್ಲ.

ಶ್ರೀಶೈಲ ಹತ್ತತೊಡಗಿದ. ಎಡಗೈ ಭುಜದ ಮೇಲಕ್ಕೆ ಸರಿಯಾಗಿ ಏಳುತ್ತಲೇ ಇರಲಿಲ್ಲ. ಕೂತು ತಿಂದ ಮೈ, ಇನ್ನೇನಾದೀತು ಎಂದುಕೊಂಡಳು. ಹದಿನೈದು ಅಡಿಗೇ ಏದುಸಿರು ಬಂತು. “ಸಾಕು, ಇಳಿಯೋ ನಮ್ಮಪ್ಪಾ,” ಎಂದು ಬೇವಿನ ನೆರಳಿನಿಂದ ಹೊನ್ನವ್ವ ಕೂಗಿದಳು. ಇಪ್ಪತ್ತೆಂಟಾದರೂ ಮುದ್ದು ಮುಗಿದಿಲ್ಲ. ಅವನಿಗಿನ್ನೂ ಲಗ್ನವಾಗಿಲ್ಲವೆಂದು ರೊಟ್ಟಿ ಬಡಿಸುವ ಹೆಂಗಸರು ಆಡಿಕೊಂಡಿದ್ದರು. ಅವನ ಸೊಕ್ಕಿಗೆ ತಕ್ಕ ಹೆಣ್ಣು ಎಲ್ಲಿಂದ ಸಿಗಬೇಕು?

ಇಪ್ಪತ್ತೈದು ಅಡಿಯಲ್ಲಿ ಅವನು ಸೋತು ಹಗ್ಗಕ್ಕೆ ಜೋತುಬಿದ್ದ. “ಇಳಸ್ರಿ.”

ಸುನಂದಾ ಹಗ್ಗ ಬಿಗಿಹಿಡಿದಳು. “ಇಳಸೂದಿಲ್ಲ. ಮೊದಲ ಹೇಳ್ರಿ, ಲಗ್ನ ಯಾಕ ಮುರದ್ರಿ?”

“ಇಲ್ಲೆ ಹೇಳೂ ಮಾತೇನ್ರಿ ಅದು?”

“ಇಲ್ಲೇ. ಎಲ್ಲಾರೂ ಕೇಳಲಿ.”

ಹಳದಿ ಅಂಗಿಗಳೆಲ್ಲ ಇತ್ತ ತಿರುಗಿದವು. ಅವನು ಬಂಡೆಗೆ ಹಣೆ ಹಚ್ಚಿದ. “ಗಂಟು ಇತ್ತಲ್ರಿ. ಫೋನ್ ಹಚ್ಚಿ ಹೇಳಿದ್ವಿ.”

“ಗಂಟು ಇದ್ರ ಮನಷ್ಯಾರಲ್ಲೇನು?”

“ಉಳಿಯೂದ ಖಾತ್ರಿ ಇರಲಿಲ್ಲ. ಅಂಥಾದ್ರಾಗ ತಾಳಿ ಹೆಂಗ ಕಟ್ಟೂದ್ರಿ?”

ಎಷ್ಟು ಸಲೀಸಾಗಿ ಹೇಳಿಬಿಟ್ಟ! ಸುನಂದಾಳಿಗೆ ಸಿಟ್ಟು ನೆತ್ತಿಗೇರಿತು. ಹಗ್ಗ ಸಡಿಲ ಬಿಟ್ಟಳು. ಶ್ರೀಶೈಲ ಒಂದು ಮಾರು ಧೊಪ್ಪನೆ ಕುಸಿದ. ಎಡ ಭುಜ ಕಲ್ಲಿಗೆ ಬಡಿದು ಚೀರಿದ. ಹೊನ್ನವ್ವ ಎದ್ದು ಓಡಿಬಂದಳು, ಚಂದ್ರಾಮರೂ ಓಡಿಬಂದರು. ಸುನಂದಾ ಮತ್ತೆ ಹಗ್ಗ ಬಿಗಿದು ಗಟ್ಟಿಯಾಗಿ ನಿಂತಿದ್ದಳು. ಅವನ ಚೀರಾಟ ಅವಳ ಕಿವಿಗೆ ಇಂಪಾಗಿತ್ತು. ನಾಲ್ಕು ವರ್ಷ ಇದಕ್ಕೇ ಕಾದಿದ್ದಳು, ಸುಳ್ಳೇಕೆ ಹೇಳಬೇಕು.

“ಉಳದೇನಿ, ನೋಡ್ರಿ,” ಎಂದಳು. “ತೊಡಿ ಕೊಯ್ಸಿಕೊಂಡು, ತಲಿ ಬೋಳಾಗಿ, ಉಳದೇನಿ. ನೀವು ಬ್ಯಾಡಂದ ಗಂಟಿನಾಕಿ ಕೈಯಾಗ ಈಗ ನಿಮ್ಮ ಜೀವ ಐತಿ.”

ಶ್ರೀಶೈಲನ ನರಳಾಟ ನಿಂತಿತು. ಬಲಗೈಯಿಂದ ಎಡಗಂಕುಳನ್ನು ಒತ್ತಿ ಹಿಡಿದುಕೊಂಡು, ಅವಳತ್ತ ತಿರುಗಿದ.

“ಫೋನ್ ಹಚ್ಚಿ ಹೇಳಿದ್ದು ನನ್ನ ಗಂಟಿನ ಸುದ್ದಿರಿ,” ಎಂದ. “ನಿಮಗೂ ಇತ್ತೇನ್ರಿ?”