ಬಾಗಿಲ ಮೇಲಿನ ಗೂಡು

ಕೆಂಪುಕೊರಳಿನ ಕವಲುತೋಕೆ ಹಕ್ಕಿ ನಾಂತೇಜಾಳ ಮನೆಬಾಗಿಲಿಗೂ ಚೌಕಟ್ಟಿಗೂ ಸೇರಿಸಿ ಮಣ್ಣಿನ ಗೂಡು ಕಟ್ಟಿ ನಲವತ್ತು ದಿನವಾಗಿತ್ತು. ಬಾಗಿಲು ತೆರೆದರೆ ಗೂಡು ಒಡೆಯುತ್ತದೆ. ಸೊಳ್ಳೆ ತಿನ್ನುವ ಈ ಹಕ್ಕಿಯ ಗೂಡಿಲ್ಲದ ಕೇರಿಯಲ್ಲಿ ಸೊಳ್ಳೆಗಳು ಒಂದು ಕೂಸನ್ನೂ ಉಳಿಸುವುದಿಲ್ಲ. ಆದ್ದರಿಂದ ವಿಕ್ಟೋರಿಯಾ ಸರೋವರದ ದಡದ ಆ ಊರಿನಲ್ಲಿ ಗೂಡಿನ ಮನೆಯವರು ಒಳಗೇ ಇರುತ್ತಿದ್ದರು; ಊಟ ಕಿಟಕಿಯ ಸರಳುಗಳ ನಡುವೆ ಬರುತ್ತಿತ್ತು.

ಮರಿಗಳೆಲ್ಲ ಹಾರಿದ ಮೇಲೆ, ಮುಂದಿನ ಮೊಟ್ಟೆಗಳಿಗೆಂದು ಹಕ್ಕಿ ಮತ್ತೆ ಹಸಿಮಣ್ಣು ತರುವ ಮೊದಲು, ಗೂಡು ಕೆಡವಬಹುದಿತ್ತು; ಆಗ ಹಕ್ಕಿ ಕೇರಿಯ ಇನ್ನೊಂದು ಮನೆಯಲ್ಲಿ ಕಟ್ಟುತ್ತಿತ್ತು. ಆ ದಿನ ಬೆಳಿಗ್ಗೆ ಮೂರು ಮರಿಗಳಲ್ಲಿ ಎರಡು ಹಾರಿದ್ದವು. ಅಕ್ಕನಿರುವ ದ್ವೀಪಕ್ಕೆ ವರ್ಷಕ್ಕೊಮ್ಮೆ ಹೊರಡುವ ದೋಣಿ ದಡದಲ್ಲಿ ನಿಂತಿತ್ತು. ನಾಂತೇಜಾ ಗಂಟು ಕಟ್ಟಿಕೊಂಡು ಕಾದಿದ್ದಳು.

"ಮೂರನೇದು ನಿನ್ನಂಗೇ ನಾಚ್ಕೊಂಡು ಕೂತದೆ ಕಣೇ," ಎಂದು ಪಕ್ಕದ ಮನೆಯ ಅಜ್ಜಿ ಹೊರಗೆ ಗುದ್ದಲಿ ಹಿಡಿದು ನಕ್ಕಳು. "ಒಳಗಿಂದ ಬಾಗಿಲಿಗೆ ಒಂದು ಗುದ್ದು ಕೊಡು, ಹಾರ್ತದೆ."

ನಾಂತೇಜಾ ಮುಷ್ಟಿ ಎತ್ತಿದಳು. ರೆಕ್ಕೆ ಬಲಿಯದ ಮರಿ ನೆಲಕ್ಕೆ ಬಿದ್ದರೆ? ಕೈ ಇಳಿಸಿದಳು.

ಮಧ್ಯಾಹ್ನ ಅದು ತಾನಾಗಿಯೇ ಹಾರಿತು. ಅಜ್ಜಿ ಗುದ್ದಲಿ ಎತ್ತುವಷ್ಟರಲ್ಲಿ ತಾಯಿಹಕ್ಕಿ ಬಂದು ಗೂಡಿನ ಅಂಚಿಗೆ ಹಸಿಮಣ್ಣಿನ ಉಂಡೆ ಅಂಟಿಸಿತು. ಕೂಸುಗಳನ್ನು ಎತ್ತಿಕೊಂಡು ಹೊರಗೆ ನಿಂತಿದ್ದ ಕೇರಿಯ ತಾಯಂದಿರು ಗುದ್ದಲಿಯತ್ತ ನೋಡಿದರು. ದಡದಲ್ಲಿ ದೋಣಿಯವನು ಸಿಳ್ಳೆ ಹಾಕಿದ.

ಅಜ್ಜಿ ಗುದ್ದಲಿ ಕೆಳಗಿಟ್ಟು ಕಿಟಕಿಯ ಹತ್ತಿರ ಬಂದಳು.

"ರಾತ್ರಿಗೆ ಏನು ತರ್ಲಿ, ಮಗಾ?"