ಮುಟ್ಟಬಾರದ ಮಿಷಿನ್

ಕಳುವಾದ ಹೊಲಿಗೆ ಮಿಷಿನ್ ಸಿಕ್ಕಿದೆಯೆಂದು ಠಾಣೆಯವರು ಹೇಳಿಕಳಿಸಿ ಎಂಟು ತಿಂಗಳಾಗಿತ್ತು. ಮಿಷಿನ್ ಠಾಣೆಯಲ್ಲೇ ಇತ್ತು. ಅದರ ಒಡತಿ ಕೈಯಲ್ಲೇ ಸೀರೆಗಳಿಗೆ ಫಾಲ್ಸ್ ಹಾಕಿ ದಿನ ತಳ್ಳುತ್ತ, ವಾರಕ್ಕೊಮ್ಮೆ ಬಂದು ಕೇಳಿ ಹೋಗುತ್ತಿದ್ದಳು.

"ಇವತ್ತಾದ್ರೂ ಕೊಡ್ತೀರಾ ಸಾರ್?"

"ಅದು ಕೇಸಿನ ಸಾಕ್ಷಿ ಕಣಮ್ಮ. ಕೋರ್ಟ್ ಆರ್ಡರ್ ಇಲ್ದೆ ಕೊಡೋ ಹಾಗಿಲ್ಲ," ಎಂದ ಹೆಡ್ ಕಾನ್‌ಸ್ಟೇಬಲ್, ತಲೆ ಎತ್ತದೆ.

"ಕದ್ದೋನಿಗೆ ಹದಿನೈದೇ ದಿನಕ್ಕೆ ಜಾಮೀನು ಸಿಕ್ತು. ನಮ್ಮ ಬೀದೀಲೇ ಎದೆ ಉಬ್ಬಿಸ್ಕೊಂಡು ಓಡಾಡ್ತಾನೆ. ನನ್ನ ಮಿಷಿನ್‌ಗೆ ಯಾವಾಗ ಸಾರ್ ಜಾಮೀನು?"

"ಅದನ್ನ ಕೋರ್ಟಲ್ಲಿ ಕೇಳು."

"ಕೇಳ್ದೆ. ಪೊಲೀಸ್ನೋರು ಇನ್ನೂ ರಿಪೋರ್ಟ್ ಕಳಿಸಿಲ್ಲ ಅಂದ್ರು."

"ಕಳಿಸ್ತೀವಿ. ನಿಂದೊಂದೇ ಕೇಸಾ ನಮಗೆ?"

ಮಿಷಿನ್ ಕಿಟಕಿಯ ಪಕ್ಕದಲ್ಲಿತ್ತು. ಅದರ ಚಕ್ರಕ್ಕೆ ಕೇಸಿನ ನಂಬರಿನ ಚೀಟಿ ಕಟ್ಟಿದ್ದರು. ಕಳುವಾದ ದಿನ ಕೆಂಪು ದಾರ ಹಾಕಿ ಮದುಮಗಳೊಬ್ಬಳ ರವಿಕೆ ಹೊಲಿಯುತ್ತಿದ್ದವಳು ಊಟಕ್ಕೆ ಮನೆಗೆ ಹೋಗಿ ಬರುವಷ್ಟರಲ್ಲಿ ಅದು ಅಂಗಡಿಯಿಂದ ಮಾಯವಾಗಿತ್ತು.

ಅವಳು ಚೀಲದಿಂದ ಎಣ್ಣೆಯ ಡಬ್ಬಿ ತೆಗೆದಳು. "ತುಕ್ಕು ಹಿಡಿಯತ್ತೆ ಸಾರ್. ಎರಡು ಹನಿ ಎಣ್ಣೆನಾದ್ರೂ ಬಿಡ್ತೀನಿ."

"ಏಯ್, ಮುಟ್ಬೇಡ! ಸಾಕ್ಷಿ ಅಂತ ಹೇಳ್ಲಿಲ್ವಾ? ತಂದಿಟ್ಟ ದಿನದಿಂದ ನಾವೇ ಅದಕ್ಕೆ ಕೈ ಹಚ್ಚಿಲ್ಲ, ಗೊತ್ತಾ?"

ಚಾಚಿದ್ದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು.

ಸೂಜಿಯಲ್ಲಿ ಪೋಣಿಸಿದ್ದುದು ಖಾಕಿ ದಾರ.