ಮೂವತ್ತರ ಗೆರೆ

ದ್ಯಾಮವ್ವ ಆರು ವರ್ಷದವಳಿದ್ದಾಗ ಯಂತ್ರ ಅವಳ ಭುಜ, ಕಣ್ಣು, ಉಸಿರು ಅಳೆದು ಅವಳು ಎಷ್ಟು ದೂರದಿಂದ ಬಾಣ ಬಿಡಬಹುದೆಂದು ಮುಂಗೈ ಮೇಲೆ ಮುದ್ರೆ ಒತ್ತಿತ್ತು: ಮೂವತ್ತು ಮೀಟರು. ಎಲ್ಲ ಮಕ್ಕಳಿಗೂ ಆ ವಯಸ್ಸಿನಲ್ಲಿ ಹಾಗೆಯೇ ಅವರವರ ದೂರ ಒತ್ತುತ್ತಿದ್ದರು. ಆಮೇಲೆ ಅವರವರ ಬಿಲ್ಲು ಅವರವರ ಗೆರೆಯವರೆಗೆ ಮಾತ್ರ ಬಗ್ಗುತ್ತಿತ್ತು. ಗೆರೆಯಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಂತರೆ ಹೆದೆ ಕಲ್ಲಾಗುತ್ತಿತ್ತು. ಎಪ್ಪತ್ತರವರು ದೇಶದ ತಂಡಕ್ಕೆ ಹೋಗುತ್ತಿದ್ದರು. ಮೂವತ್ತರವರು ಎಳೆಯರಿಗೆ ಕಲಿಸುತ್ತಿದ್ದರು.

ಹದಿನೆಂಟು ವರ್ಷ ಕಲಿಸಿದ ಮೇಲೆ, ಗದಗಿನ ಮೈದಾನದಲ್ಲಿ ತಂಡದ ಆಯ್ಕೆ ನಡೆದ ದಿನ, ದ್ಯಾಮವ್ವ ಎಪ್ಪತ್ತರ ಗೆರೆಗೆ ಹೋಗಿ ನಿಂತಳು. ಮರುದಿನ ಅಳೆಸಿಕೊಳ್ಳಬೇಕಾಗಿದ್ದ, ಅವಳ ಬಳಿ ಕಲಿಯುವ ಮಕ್ಕಳು ಹಗ್ಗದಾಚೆ ಕೂತು ನೋಡುತ್ತಿದ್ದರು. ಅವಳ ಕೈಯಲ್ಲಿದ್ದದ್ದು ಅವರದೇ ಬಿದಿರು ಬಿಲ್ಲು. ಮುದ್ರೆಯಿಲ್ಲದ ಮಕ್ಕಳು ಹಿಡಿಯುವ ಬಿಲ್ಲಿಗೆ ಮಿತಿ ಹಾಕುವುದು ಯಾರಿಗೂ ಹೊಳೆದಿರಲಿಲ್ಲ.

ಆಯ್ಕೆದಾರ ಹೊಳೆಬಸಪ್ಪ ಓಡಿಬಂದ. "ಏನ್ ಹಚ್ಚೀರಿ ಅಕ್ಕಾರ? ನಿಮ್ಮ ಗೆರಿ ಅಲ್ಲೈತಿ."

"ಗೊತ್ತೈತ್ರಿ ಸಾಹೇಬ್ರ. ದಿನಾ ಮುಂಜಾನೆ ಅದಕ್ಕ ಸುಣ್ಣ ಹಾಕಾಕಿ ನಾನ."

ಮಕ್ಕಳಿಗೆ ದಿನವೂ ಹೇಳಿಕೊಡುವಂತೆಯೇ ಅವಳು ಹೆದೆಯನ್ನು ಗದ್ದಕ್ಕೆ ತಾಗಿಸಿ, ಬಿಲ್ಲನ್ನು ಮುಗಿಲ ಕಡೆ ಎತ್ತಿ, ಬಿಟ್ಟಳು.

ಬಾಣ ಗುರಿಹಲಗೆಗಿಂತ ಹತ್ತು ಹೆಜ್ಜೆ ಈಚೆಗೆ ನೆಲಕ್ಕೆ ನಾಟಿತು.

ಹೊಳೆಬಸಪ್ಪ ನಕ್ಕ. "ಮುಟ್ಟಲಿಲ್ಲಲ್ರಿ ಅಕ್ಕಾರ."

"ಮುಟ್ಟಲಿಲ್ರಿ," ಎಂದು ದ್ಯಾಮವ್ವ ಸೊಂಟದಲ್ಲಿದ್ದ ಅಳತೆಪಟ್ಟಿಯನ್ನು ಅವನ ಕೈಗಿಟ್ಟಳು. "ಎಷ್ಟು ದೂರ ಹೋಗೇತಿ, ನೀವ ಅಳದು ಜೋರಾಗಿ ಹೇಳ್ರಿ. ನಾಳೆ ಮುದ್ರಿ ಒತ್ತಿಸ್ಕೊಳ್ಳೋ ಹುಡುಗ್ರು ಕೇಳಾಕತ್ತಾರ."